ಕುಮ್ಕಿ ಜಾಗದ ಒಡೆಯರು ಯಾರು?

ಪ್ರಶ್ನೆ: ಬೆಳ್ತಂಗಡಿ ಕಡೆಯ ನಮ್ಮ ಅಡಿಕೆ ತೋಟದ ಮೇಲ್ಬದಿಯ ಗುಡ್ಡ ಅಜ್ಜನ ಕಾಲದಿಂದಲೂ ನಮ್ಮ ಕುಮ್ಕಿ. ಅಲ್ಲಿ ಮಗನಿಗೆ ಮನೆ ಕಟ್ಟಿಸಬೇಕೆಂದಿದ್ದೇವೆ. ಪಂಚಾಯಿತಿಯಲ್ಲಿ 9/11 ನಮೂನೆ ಮಾಡಿಸಿದರೆ ಜಾಗ ನಮ್ಮದಾಗುತ್ತದೆಯೇ?

ಉತ್ತರ: ಆಗುವುದಿಲ್ಲ. ಕುಮ್ಕಿಯೆಂದರೆ ಹಿಡುವಳಿಯ ಅಂಚಿಗಿರುವ, ಹಿಡುವಳಿದಾರ ಸೊಪ್ಪು-ಸೌದೆ ಪಡೆಯುವ ಸರ್ಕಾರಿ ಬಂಜರು. ಈ ಪ್ರಶ್ನೆ ಬರದ ತಿಂಗಳಿಲ್ಲ. ಕೇಳುವವರೆಲ್ಲರೂ ‘ನಮ್ಮ ಕುಮ್ಕಿ’ ಎಂದೇ ಬರೆಯುತ್ತಾರೆ. ತೊಡಕಿರುವುದು ಆ ‘ನಮ್ಮ’ದಲ್ಲಿಯೇ. 1799ರಲ್ಲಿ ಟಿಪ್ಪುವಿನ ಪತನದ ಬಳಿಕ ಕೆನರಾ, ಅಂದರೆ ನಮ್ಮ ಈ ಕರಾವಳಿ, ಈಸ್ಟ್ ಇಂಡಿಯಾ ಕಂಪೆನಿಯ ಕೈಸೇರಿತು; ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರ್. ಇಲ್ಲಿ ಕಂದಾಯ ಕಟ್ಟುವ ಹಿಡುವಳಿಗೆ ‘ವರ್ಗ’ವೆಂದು ಹೆಸರು. ತೋಟಕ್ಕೆ ಸೊಪ್ಪು, ದನಕ್ಕೆ ಮೇವು, ಒಲೆಗೆ ಸೌದೆ ಸಿಗದಿದ್ದರೆ ಬೇಸಾಯವೂ ನಡೆಯದು, ಕಂದಾಯವೂ ಬಾರದು ಎಂಬುದು ಆಗಿನ ಮದ್ರಾಸ್ ಸರ್ಕಾರಕ್ಕೂ ಗೊತ್ತಿತ್ತು. ಹೀಗಾಗಿ ಫಸಲಿ (ಕಂದಾಯ ವರ್ಷ) 1276ಕ್ಕಿಂತ, ಅಂದರೆ 1866ಕ್ಕಿಂತ, ಹಿಂದಿನ ಕದೀಂ (ಹಳೆಯ) ವರ್ಗಗಳ ಅಂಚಿನಿಂದ 100 ಗಜದೊಳಗಿನ ಸರ್ಕಾರಿ ಬಂಜರಿನಿಂದ ಇವಿಷ್ಟನ್ನು ಪಡೆಯುವ ಸವಲತ್ತು ವರ್ಗದಾರನಿಗೆ ಉಳಿಯಿತು. 1964ರ ಭೂಕಂದಾಯ ಕಾಯಿದೆಯ 79ನೇ ಕಲಮು ಕಾಪಾಡಿದ್ದೂ ಆ ಸವಲತ್ತನ್ನೇ ಹೊರತು ಒಡೆತನವನ್ನಲ್ಲ. ನಿಮ್ಮದು ಕದೀಂ ವರ್ಗವಲ್ಲದಿದ್ದರೆ ಅದೂ ಇಲ್ಲ.

ಇನ್ನು 9/11: ಅದು ಪಂಚಾಯಿತಿ ತೆರಿಗೆಗಾಗಿ ಇಡುವ ಲೆಕ್ಕ. ಸರ್ಕಾರಿ ಜಾಗವನ್ನು ಮಂಜೂರು ಮಾಡುವುದು ಕಂದಾಯ ಇಲಾಖೆಯ ಕೆಲಸ. ತನ್ನದಲ್ಲದ್ದನ್ನು ಪಂಚಾಯಿತಿ ಎಲ್ಲಿಂದ ಕೊಟ್ಟೀತು? ಕಳೆದ ಮಳೆಗಾಲದಲ್ಲಿ ಒಬ್ಬರು ಲ್ಯಾಮಿನೇಟ್ ಮಾಡಿಸಿದ ‘ಕುಮ್ಕಿ ನಕ್ಷೆ’ಯೊಂದನ್ನು ತಂದು ತೋರಿಸಿದರು. ಗಡಿಯನ್ನು ಹಸಿರು ಸ್ಕೆಚ್ ಪೆನ್ನಿನಲ್ಲಿ ಎಳೆದು, ಕೆಳಗೊಂದು ರಬ್ಬರ್ ಮುದ್ರೆ ಒತ್ತಿದ್ದರು. ಮುದ್ರೆಯಲ್ಲಿ ಯಾವ ಕಚೇರಿಯ ಹೆಸರೂ ಇರಲಿಲ್ಲ. ತಾಲೂಕು ಕಚೇರಿಯ ಎದುರಿನ ಚಹಾದಂಗಡಿಯಲ್ಲಿ ಕುಳಿತು ಇಂಥದ್ದನ್ನು ಮಾರುವವರಿಗೆ ದುಡ್ಡು ಕೊಟ್ಟು, ಆಮೇಲೆ ನನಗೆ ಪತ್ರ ಬರೆಯಬೇಡಿ. ಅಡಿಪಾಯ ತೋಡುವ ಮೊದಲು ಆ ಸರ್ವೆ ನಂಬ್ರದ ಪಹಣಿ ತೆಗೆಸಿ, ಯಾರ ಹೆಸರಿದೆಯೆಂದು ನೋಡಿ. ‘ಸರ್ಕಾರ’ ಎಂದಿದ್ದರೆ ಹಾರೆ ಕೆಳಗಿಡಿ. ನನ್ನ ಮಾತು ಅತಿಜಾಗರೂಕತೆಯದೆನಿಸಿದರೂ ಸರಿಯೇ, ಮನೆಯನ್ನು ವರ್ಗದ ಜಾಗದಲ್ಲಿಯೇ ಭೂಪರಿವರ್ತನೆ ಮಾಡಿಸಿ ಕಟ್ಟಿರಿ. ನಾಲ್ಕು ಅಡಿಕೆ ಮರ ಹೋದರೆ ಹೋಗಲಿ.

ಪ್ರಶ್ನೆ: ಕುಮ್ಕಿಯೂ ಗೋಮಾಳವೂ ಒಂದೇ ಎಂದು ಘಟ್ಟದ ಮೇಲಿನ ನಮ್ಮ ಬಂಧುಗಳು ಹೇಳುತ್ತಾರೆ. ನಿಜವೇ?

ಉತ್ತರ: ಅಲ್ಲ. ಗೋಮಾಳ ಊರಿನ ದನಗಳಿಗೆ, ಕುಮ್ಕಿ ಒಂದು ವರ್ಗಕ್ಕೆ ಅಂಟಿಕೊಂಡದ್ದು.

ಪ್ರಶ್ನೆ: ಕುಂದಾಪುರದ ಹಳೆಯ ಪತ್ರವೊಂದರಲ್ಲಿ ‘ಉತ್ತರ ಕೆನರಾ’ ಎಂದಿದೆ. ನಕಲಿಯಿರಬಹುದೇ?

ಉತ್ತರ: ಅಷ್ಟಕ್ಕೇ ನಕಲಿಯೆನ್ನಬೇಡಿ, ತಾರೀಖು ನೋಡಿ. ಕೆನರಾವನ್ನು ಎರಡಾಗಿಸಿದಾಗ ಕುಂದಾಪುರ ಮೊದಲು ಉತ್ತರಕ್ಕೇ ಸೇರಿತ್ತು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತ್ಯಕ್ಕೆ ಹೋದಾಗ ಕುಂದಾಪುರ ತಾಲೂಕನ್ನು ಮಾತ್ರ ದಕ್ಷಿಣ ಕೆನರಾಕ್ಕೆ ಸೇರಿಸಿದರು.

ಪ್ರಶ್ನೆ: 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾದ ಮೇಲೆ ಅಲ್ಲಿನ ಕುಮ್ಕಿ ರದ್ದಾಯಿತೇ?

ಉತ್ತರ: ಜಿಲ್ಲೆ ಒಡೆಯಿತು, ಕಾಯಿದೆ ಒಡೆಯಲಿಲ್ಲ.