ಪ್ಲಿಮ್‌ಸೋಲ್ಸ್ ಹಳೇ ರೆಕಾರ್ಡಿಂಗ್‌ಗಳು: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ

‘ವ್ಯಾಲಿ ಗರ್ಲ್’ ಸಿನಿಮಾದಲ್ಲಿ ಕ್ಲಬ್ಬಿನಲ್ಲಿ ಹಾಡುವ ಬ್ಯಾಂಡ್ ಪ್ಲಿಮ್‌ಸೋಲ್ಸ್ ಇಷ್ಟವಾಯಿತು, ಅವರ ಅಪರೂಪದ ರೆಕಾರ್ಡಿಂಗ್ ಈಗ ಸಿಗುತ್ತವಾ, ದುಡ್ಡು ಕೊಟ್ಟು ತರಿಸಬಹುದಾ ಅಂತ ಕೇಳಿದ್ದೀರಿ. ಸಿಗುತ್ತವೆ. ದುಡ್ಡಿನ ವಿಷಯಕ್ಕೆ ಮಾತ್ರ ಸ್ವಲ್ಪ ತಡೀರಿ.

ಕೆಲಸದ ಮೇಲೆ ನಾನು ಎರಡು ವರ್ಷ ಲಾಸ್ ಏಂಜಲೀಸ್ ಹತ್ತಿರ ಇದ್ದೆ. ಅಲ್ಲಿನ ಒಂದು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ, ನೆಲದ ಮೇಲಿಟ್ಟಿದ್ದ ಒಂದು ಡಾಲರ್ ಡಬ್ಬದಲ್ಲಿ, ಇವರ 1981ರ ಎಲ್‌ಪಿ, ಅಂದರೆ ಪೂರ್ತಿ ಆಲ್ಬಮ್ಮಿನ ರೆಕಾರ್ಡ್, ಸಿಕ್ಕಿತು. ಹೆಸರೇ ಕೇಳಿರಲಿಲ್ಲ. ಒಂದು ಡಾಲರ್ ಅಲ್ವಾ ಅಂತ ಸುಮ್ನೆ ತಂದೆ. ಕವರ್ ಮೇಲೆ ಒಂದರ ಮೇಲೊಂದು ಬೆಲೆ ಚೀಟಿ ಅಂಟಿಸಿದ್ದರು. ಕೊಬ್ಬರಿ ಎಣ್ಣೆ ಹಚ್ಚಿ ಮೆಲ್ಲಗೆ ಉಜ್ಜಿದರೆ ಒಂದರ ಕೆಳಗೆ ಮೂರು ಡಾಲರ್, ಅದರ ಕೆಳಗೆ ಐದು. ಯಾರೂ ಕೇಳದೆ ಇಳಿಯುತ್ತಾ ಬಂದ ರೇಟು.

ಹಾಡುಗಾರ ಪೀಟರ್ ಕೇಸ್ ಮೊದಲು ಸ್ಯಾನ್ ಫ್ರಾನ್ಸಿಸ್ಕೋದ ಬೀದಿಗಳಲ್ಲಿ ಗಿಟಾರ್ ಹಿಡಿದು ಹಾಡುತ್ತಿದ್ದವರು. ಆಮೇಲೆ ಜ್ಯಾಕ್ ಲೀ, ಪಾಲ್ ಕಾಲಿನ್ಸ್ ಜೊತೆ ‘ದಿ ನರ್ವ್ಸ್’ ಅಂತ ಬ್ಯಾಂಡ್ ಕಟ್ಟಿದರು. 1976ರಲ್ಲಿ ನಾಲ್ಕೇ ಹಾಡಿನ ಒಂದು ಇಪಿ (ಎಲ್‌ಪಿಗಿಂತ ಚಿಕ್ಕ ರೆಕಾರ್ಡ್) ತಂದರು, 1978ರಲ್ಲಿ ಬೇರೆಯಾದರು. ಅದೇ ವರ್ಷ ಆ ನಾಲ್ಕರಲ್ಲಿ ಒಂದನ್ನು ಬ್ಲಾಂಡಿ ಬ್ಯಾಂಡ್ ಹಾಡಿ ಹೆಸರು ಮಾಡಿತು! ಅಷ್ಟೊತ್ತಿಗೆ ಕೇಸ್ ಲಾಸ್ ಏಂಜಲೀಸ್‌ನಲ್ಲಿ ಪ್ಲಿಮ್‌ಸೋಲ್ಸ್ ಶುರು ಮಾಡಿದ್ದರು. ಎಡ್ಡಿ ಮುನ್ಯೋಸ್ ಗಿಟಾರ್, ಡೇವ್ ಪಹೋವಾ ಬೇಸ್, ಲೂ ರಮೀರೆಜ್ ಡ್ರಮ್ಸ್. 1980ರಲ್ಲಿ ಇಪಿ, 81ರಲ್ಲಿ ಈ ಎಲ್‌ಪಿ, 83ರಲ್ಲಿ ಗೆಫನ್ ಕಂಪನಿಯಿಂದ ಇನ್ನೊಂದು. ಅದಾಗಿ ಸ್ವಲ್ಪ ದಿನಕ್ಕೇ ಬ್ಯಾಂಡ್ ಮುಗಿಯಿತು.

ನೀವು ಸಿನಿಮಾದಲ್ಲಿ ಕೇಳಿದ ‘ಎ ಮಿಲಿಯನ್ ಮೈಲ್ಸ್ ಅವೇ’ ದೊಡ್ಡ ಕಂಪನಿಯ ನೆರವಿಲ್ಲದೆ 1982ರಲ್ಲಿ ಹೊರಬಂದ ಸಿಂಗಲ್, ಅಂದರೆ ಬಿಡಿ ಹಾಡಿನ ರೆಕಾರ್ಡ್. ಗಿಟಾರ್ ಮೇಲಿಂದ ಉರುಳಿಕೊಂಡು ಬಂದ ಹಾಗೆ ಶುರುವಾಗುತ್ತದೆ, ಡ್ರಮ್ಸ್ ಬಿದ್ದ ಮೇಲೆ ಕೂತಲ್ಲಿ ಕೂರುವುದಕ್ಕೆ ಆಗುವುದಿಲ್ಲ. ಸಿನಿಮಾ ಬಂದರೂ ಅಮೆರಿಕದ ಟಾಪ್ 100 ಪಟ್ಟಿಯಲ್ಲಿ ಅದು 82ನೇ ಸ್ಥಾನಕ್ಕೇ ನಿಂತಿತು. ಇವರದು ಪವರ್ ಪಾಪ್ ಅನ್ನುವ ಶೈಲಿ, ಅದರ ಹಣೆಬರಹವೇ ಅಷ್ಟು ಅನ್ನಿಸುತ್ತದೆ. ಆ ಹೆಸರನ್ನು 1967ರಲ್ಲಿ ಮೊದಲು ಬಳಸಿದವರು ‘ದಿ ಹೂ’ ಬ್ಯಾಂಡಿನ ಪೀಟ್ ಟೌನ್‌ಶೆಂಡ್. ಅರವತ್ತರ ದಶಕದ ಸಿಹಿ ಟ್ಯೂನು, ಜೊತೆಗೆ ಜೋರು ಡ್ರಮ್ಸು. ರಾಕ್ ಕೇಳುವವರಿಗೆ ಸಿಹಿ ಜಾಸ್ತಿ, ಪಾಪ್ ಕೇಳುವವರಿಗೆ ಸದ್ದು ಜಾಸ್ತಿ.

ನನ್ನ ಎಲ್‌ಪಿ ಚೆನ್ನಾಗಿಯೇ ಇದೆ, ಆದರೆ ಅದೊಂದನ್ನು ಕೇಳಿ ಇವರನ್ನು ಅಳೆಯಬೇಡಿ. ಫೋಟೋ ಸ್ಟುಡಿಯೋದಲ್ಲಿ ತಲೆ ಬಾಚಿ ಕೂರಿಸಿದ ಹುಡುಗರ ಹಾಗೆ ಇದ್ದಾರೆ ಅದರಲ್ಲಿ. ಇವರು ಸ್ಟೇಜಿನ ಬ್ಯಾಂಡ್. ಅದು ನನಗೆ ಗೊತ್ತಾಗಿದ್ದು 2010ರಲ್ಲಿ ಅಲೈವ್ ಎನ್ನುವ ಸಣ್ಣ ಕಂಪನಿ ತಂದ ‘ಲೈವ್! ಬೆಗ್, ಬಾರೋ ಅಂಡ್ ಸ್ಟೀಲ್’ ಕೇಳಿದಾಗ. 1981ರ ಹ್ಯಾಲೋವೀನ್ ರಾತ್ರಿ ವಿಸ್ಕಿ ಎ ಗೋಗೋ ಕ್ಲಬ್ಬಿನಲ್ಲಿ ಆದ ರೆಕಾರ್ಡಿಂಗ್ ಅದು. ನನ್ನ ಎಲ್‌ಪಿಯ ಹಾಡುಗಳೇ ಅಲ್ಲಿ ಓಡುತ್ತವೆ, ಕೇಸ್ ಗಂಟಲು ಹರಿಯುವ ಹಾಗೆ ಹಾಡುತ್ತಾರೆ. 2012ರಲ್ಲಿ ಅದೇ ಕಂಪನಿ ‘ಬೀಚ್ ಟೌನ್ ಕಾನ್ಫಿಡೆನ್ಶಿಯಲ್’ ತಂದಿತು. ಹಂಟಿಂಗ್ಟನ್ ಬೀಚ್‌ನ ಗೋಲ್ಡನ್ ಬೇರ್ ಕ್ಲಬ್, 1983. ಇವೆರಡೇ ಸಾಕು.

ಇಂಥ ಆಲ್ಬಮ್ ತರುವವರು ಹಳೇ ಟೇಪ್ ಸಿಕ್ಕಿತು ಅಂದ ಮಾತ್ರಕ್ಕೆ ಹಾಕಿ ನುಡಿಸುವ ಹಾಗಿಲ್ಲ, ಇದು ನಂಗೆ ತಡವಾಗಿ ಗೊತ್ತಾಯಿತು. ಎಪ್ಪತ್ತು ಎಂಬತ್ತರ ದಶಕದ ಎಷ್ಟೋ ಸ್ಟುಡಿಯೋ ಟೇಪುಗಳಲ್ಲಿ ಹಾಡು ತುಂಬಿರುವ ಪುಡಿಯನ್ನು ಪಟ್ಟಿಗೆ ಹಿಡಿದಿಡುವ ಅಂಟು, ವರ್ಷಗಟ್ಟಲೆ ತೇವ ಹೀರಿ ಮೆತ್ತಗಾಗಿರುತ್ತದೆ. ಹಾಗೇ ಹಾಕಿದರೆ ಕಿರ್ರ್ ಅಂತ ಮೆಷಿನ್ನಿಗೆ ಅಂಟಿ, ಹಾಡು ಕಂದು ಪುಡಿಯಾಗಿ ಉದುರುತ್ತದೆ. ಅದಕ್ಕೆ ಟೇಪನ್ನು ಬೇಕ್ ಮಾಡುತ್ತಾರೆ. ಸುಮಾರು 55 ಡಿಗ್ರಿ ಶಾಖ, ಗಂಟೆಗಟ್ಟಲೆ. ಹಪ್ಪಳ ಒಣಗಿಸಿದ ಹಾಗೆ ಅಂದುಕೊಳ್ಳಿ. ಹಾಗೆ ಸರಿಹೋಗುವುದೂ ಕೆಲವು ವಾರಗಳ ಮಟ್ಟಿಗೆ, ಅಷ್ಟರಲ್ಲಿ ಕಾಪಿ ಮಾಡಿಕೊಳ್ಳಬೇಕು.

ಈಗ ನನ್ನ ಪೆದ್ದುತನ. ಆ ಎರಡು ಆಲ್ಬಮ್ ಕೇಳಿದ ಹುಚ್ಚಿನಲ್ಲಿ ಆನ್‌ಲೈನ್‌ನಲ್ಲಿ ಒಬ್ಬರಿಂದ ‘ಅತಿ ಅಪರೂಪ’ ಅಂತ ಬರೆದಿದ್ದ ಸಿಡಿ ತರಿಸಿದೆ. 1,800 ರೂಪಾಯಿ. ಯಾರೋ ಜೇಬಿನಲ್ಲಿ ರೆಕಾರ್ಡರ್ ಇಟ್ಟುಕೊಂಡು ಹೋಗಿದ್ದರು ಅಂತ ಕಾಣುತ್ತದೆ. ಬ್ಯಾಂಡ್ ಪಕ್ಕದ ಬೀದಿಯಲ್ಲಿ ನುಡಿಸುತ್ತಿದೆ, ಕಿವಿ ಪಕ್ಕ ಒಬ್ಬ ತನ್ನ ಕಾರ್ ರಿಪೇರಿ ಕಥೆ ಹೇಳುತ್ತಿದ್ದಾನೆ. ಮೂರನೇ ಹಾಡಿನಷ್ಟೊತ್ತಿಗೆ ನಂಗೆ ಆ ಕಾರಿನ ಬಗ್ಗೆಯೇ ಚಿಂತೆ ಶುರುವಾಗಿತ್ತು. ಅಮ್ಮ ಅಡುಗೆಮನೆಯಿಂದ ಬಂದು “ಯಾರೋ ಅದು, ಫೋನಲ್ಲಿ?” ಅಂದರು.

ಹಾಗಾಗಿ ಮೊದಲು 1981ರ ಲೈವ್, ಆಮೇಲೆ 83ರದ್ದು, ಆಮೇಲೆ ಬೇಕಾದರೆ ಸ್ಟುಡಿಯೋ ಆಲ್ಬಮ್. ಹುಡುಕುವಾಗ ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿಕೊಳ್ಳಿ. ಇಂಗ್ಲೆಂಡಿನಲ್ಲಿ ಪ್ಲಿಮ್‌ಸೋಲ್ ಅಂದರೆ ನಾವು ಪಿಟಿ ಪೀರಿಯಡ್‌ಗೆ ಹಾಕುತ್ತಿದ್ದಂಥ ಕ್ಯಾನ್ವಾಸ್ ಶೂ. ಇವರ ‘ಸೋಲ್’ ಆತ್ಮದ್ದು, soul: Plimsouls. ತಪ್ಪು ಹೊಡೆದರೆ ಒಂದು ವಾರ ನಿಮ್ಮ ಫೋನ್ ತುಂಬ ಬಿಳಿ ಶೂ ಜಾಹೀರಾತೇ ಬರುತ್ತವೆ, ನಂಗೆ ಬಂದಿವೆ.