ಓದುಗರ ಕಾನೂನು ಪ್ರಶ್ನೆ: ಸರ ಬಿಚ್ಚಿಟ್ಟು ಬರಲಿ

ಪ್ರಶ್ನೆ: ನನ್ನ ಗೆಳತಿಗೆ 22 ವರ್ಷ. ನಾನೂ ಹುಡುಗಿಯೇ. ನಮ್ಮ ಪ್ರೀತಿ ಗೊತ್ತಾದಾಗಿನಿಂದ ಮನೆಯವರು ಅವಳ ಮೊಬೈಲ್ ಕಿತ್ತುಕೊಂಡು ಕೂಡಿಹಾಕಿದ್ದಾರೆ, ಗಂಡು ನೋಡುತ್ತಿದ್ದಾರೆ. ಠಾಣೆಯಲ್ಲೆಲ್ಲ ಅವಳ ಅಪ್ಪನ ಪರಿಚಯದವರು. ಏನು ಮಾಡಲಿ?
– ಹೆಸರು ಬೇಡ, ಶಿರಸಿ

ಉತ್ತರ: 18 ದಾಟಿದವರನ್ನು ಹೆತ್ತವರೇ ಕೂಡಿಹಾಕಿದರೂ ಅದು ಭಾರತೀಯ ನ್ಯಾಯ ಸಂಹಿತೆಯ 127ನೇ ಕಲಮಿನಡಿ ಅಪರಾಧ. ಹೊಡೆತ ಬೀಳುತ್ತಿದ್ದರೆ ಮೊದಲು 112ಕ್ಕೆ ಕರೆ ಮಾಡಿ. ಊರಿನ ಠಾಣೆಯೊಂದನ್ನೇ ನೆಚ್ಚಬೇಡಿ. ನಮ್ಮ ಜಿಲ್ಲೆಗೆ ಹೈಕೋರ್ಟಿನ ಧಾರವಾಡ ಪೀಠವಿದೆ. ಅಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ (ಕೂಡಿಹಾಕಿದವರನ್ನು ಕೋರ್ಟಿನ ಮುಂದೆ ತನ್ನಿ ಎಂದು ಕೇಳುವುದು) ಹಾಕಲು ನೀವು ರಕ್ತಸಂಬಂಧಿ ಆಗಬೇಕಿಲ್ಲ. ಅರ್ಜಿದಾರರಿಗೂ ಅವಳಿಗೂ ಏನು ಸಂಬಂಧವೆಂದು ಕೆದಕಬಾರದು, ಅವಳನ್ನು ಮನೆಯವರಿಂದ ದೂರವಿಟ್ಟು ಮಾತಾಡಿಸಬೇಕು, ಮನಸ್ಸು ತಿರುಗಿಸಲು ಕೌನ್ಸೆಲಿಂಗ್ ಮಾಡಿಸಬಾರದು ಎಂದು ಸುಪ್ರೀಂ ಕೋರ್ಟು 2024ರ ಮಾರ್ಚ್ 11ರಂದು ಹೈಕೋರ್ಟುಗಳಿಗೆ ಹೇಳಿದೆ. ಈ ತಾರೀಖನ್ನು ವಕೀಲರಿಗೆ ನೀವೇ ಕೊಡಿ, ಎಲ್ಲ ವಕೀಲರೂ ಇದನ್ನು ಓದಿರುವುದಿಲ್ಲ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ: 15100, ಇಲ್ಲವೇ ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ.

ಅವಳೇ ಹೊರಬರುವಂತಾದರೆ ಕೇಸು ಕೆಡುವುದು ಚಿನ್ನದಿಂದ. ಕೊರಳಲ್ಲಿರುವ ಸರವನ್ನೂ ಬಿಚ್ಚಿಟ್ಟು ಬರಲಿ, ಕಳವಿನ ದೂರು ಅದೇ ಸರದ ಮೇಲೆ ಬರುತ್ತದೆ. ತರಬೇಕಾದ್ದು ಎಸ್ಸೆಸ್ಸೆಲ್ಸಿ ಅಂಕಪಟ್ಟಿ (ವಯಸ್ಸಿಗೆ ಅದೇ ಗಟ್ಟಿ ಪುರಾವೆ), ಆಧಾರ್, ಪಾಸ್‌ಬುಕ್. ಅದೇ ದಿನ ‘ನನಗಿಷ್ಟು ವಯಸ್ಸು, ಯಾರೂ ಅಪಹರಿಸಿಲ್ಲ, ನನ್ನಿಷ್ಟದಿಂದ ಹೊರಟಿದ್ದೇನೆ’ ಎಂದು ಸ್ವಂತ ಕೈಯಲ್ಲಿ ಬರೆದು, ತಾರೀಖು, ಸಹಿ ಹಾಕಿ ಕಾರವಾರದ ಎಸ್‌ಪಿ ಕಚೇರಿಗೆ ಸ್ಪೀಡ್ ಪೋಸ್ಟ್ ಮಾಡಲಿ. ರಸೀದಿ, ನಕಲು ನಿಮ್ಮ ಹತ್ತಿರ ಇರಲಿ. ನಾಪತ್ತೆ ದೂರಿನ ಮೇಲೆ ಪೊಲೀಸರು ಕರೆದರೆ ವಕೀಲರೊಂದಿಗೇ ಹೋಗಿ. ಠಾಣೆಯ ಬೆಂಚಿನ ಮೇಲೆ ರಾಜಿ ಪಂಚಾಯ್ತಿಗೆ ಕೂತರೆ ಅವಳು ಮನೆಗೆ ವಾಪಸಾದಂತೆಯೇ. ಮ್ಯಾಜಿಸ್ಟ್ರೇಟರ ಮುಂದೆಯೇ ಹೇಳಿಕೆ ಕೊಡುತ್ತೇನೆ ಎನ್ನಲಿ.

ಪ್ರಶ್ನೆ: ಡೇಟಿಂಗ್ ಆ್ಯಪ್‌ನಲ್ಲಿ ಪರಿಚಯವಾದ ಹುಡುಗ ಫೋಟೊ ಇಟ್ಟುಕೊಂಡು ‘ಮನೆಗೆ ಕಳಿಸ್ತೇನೆ’ ಎಂದು 20,000 ರೂಪಾಯಿ ಕೇಳುತ್ತಿದ್ದಾನೆ. 5,000 ಕೊಟ್ಟಿದ್ದೇನೆ.
– ಕುಮಟಾ ಓದುಗ

ಉತ್ತರ: ಇನ್ನು ಒಂದು ರೂಪಾಯಿಯನ್ನೂ ಕೊಡಬೇಡಿ. ಕೊಟ್ಟವರ ಹತ್ತಿರವೇ ಮತ್ತೆ ಕೇಳುತ್ತಾರೆ. ಹೋದ ಹಣಕ್ಕೆ ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಅದು ಬೇರೆ ಖಾತೆಗೆ ದಾಟಿರುತ್ತದೆ. ಸಿಟ್ಟಿನಲ್ಲಿ ಬ್ಲಾಕ್ ಮಾಡಬೇಡಿ, ಕೆಲವು ಆ್ಯಪ್‌ಗಳಲ್ಲಿ ಅದರೊಂದಿಗೇ ಚಾಟ್ ಕೂಡ ಮಾಯ. ಮೊದಲು ಪ್ರೊಫೈಲ್, ನಂಬರ್, ಯುಪಿಐ ಐಡಿ, ತಾರೀಖು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಫೋನ್ ರೀಸೆಟ್ ಮಾಡಬೇಡಿ.

ದೂರು ನ್ಯಾಯ ಸಂಹಿತೆಯ 308ನೇ ಕಲಮಿನದು, ಬೆದರಿಸಿ ಹಣ ಕಿತ್ತದ್ದು. ‘ಖಾಸಗಿ ಫೋಟೊ ಹಂಚುವುದಾಗಿ ಬೆದರಿಸಿದ್ದಾನೆ’ ಎಂದು ಬರೆದರೆ ಸಾಕು, ನಿಮ್ಮ ಒಲವಿನ ವಿವರ ಅದರಲ್ಲಿ ಬೇಕಿಲ್ಲ. ‘ನಿನ್ನ ಮೇಲೂ ಕೇಸಾಗುತ್ತೆ’ ಎಂದು ಯಾರಾದರೂ ಹೆದರಿಸಿದರೆ: ವಯಸ್ಕರ ಒಪ್ಪಿತ ಸಲಿಂಗ ಸಂಬಂಧ 2018ರ ಸೆಪ್ಟೆಂಬರ್ 6ರಿಂದ ಅಪರಾಧವಲ್ಲ, 2024ರ ಜುಲೈ 1ರಂದು ಜಾರಿಯಾದ ಸಂಹಿತೆಯಲ್ಲಿ ಅದನ್ನು ಅಪರಾಧ ಎನ್ನುತ್ತಿದ್ದ ಐಪಿಸಿಯ ಹಳೆಯ 377ನೇ ಕಲಮು ಇಲ್ಲವೇ ಇಲ್ಲ. ಕುಮಟಾ ಠಾಣೆಗೆ ಹೋಗಲು ಮುಜುಗರವಾದರೆ ಹುಬ್ಬಳ್ಳಿಯಲ್ಲೂ ಜೀರೋ ಎಫ್‌ಐಆರ್ (ಯಾವ ಠಾಣೆಯಲ್ಲಾದರೂ ದಾಖಲಿಸಬಹುದಾದದ್ದು) ಆಗುತ್ತದೆ, ಆದರೆ ಕಡತ ಕೊನೆಗೆ ಕುಮಟಾಕ್ಕೇ ಬರುತ್ತದೆ. ದೂರು ತೆಗೆದುಕೊಳ್ಳದಿದ್ದರೆ ಅದನ್ನೇ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ.

ಪ್ರಶ್ನೆ: ಇಂಜೆಕ್ಷನ್ ಕೊಟ್ಟು ಮಗನನ್ನು ‘ಸರಿ’ ಮಾಡುತ್ತೇನೆ ಎನ್ನುತ್ತಾರೆ ಒಬ್ಬ ಡಾಕ್ಟರು. ನಂಬಬಹುದೇ?
– ತಾಯಿ, ಅಂಕೋಲಾ

ಉತ್ತರ: ಬೇಡ, ಅಮ್ಮಾ. ಸಲಿಂಗ ಒಲವು ಕಾಯಿಲೆಯಲ್ಲ. ಇಂಥ ‘ಪರಿವರ್ತನಾ ಚಿಕಿತ್ಸೆ’ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ದೂರು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ. ಮಗ ಊಟ, ನಿದ್ದೆ ಬಿಟ್ಟು ಮಂಕಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.