ರಾಜೀನಾಮೆ ಬರೆಯುವ ಮೊದಲು ಸಿಟ್ಟು ಯಾವುದರ ಮೇಲೆ ಅಂತ ನೋಡ್ರಿ

ಪ್ರಶ್ನೆ: ನನಗೆ 37 ವರ್ಷ. ಬೆಳಗಾವಿ ಉದ್ಯಮಬಾಗದಲ್ಲಿ ಲೋಹದ ಎರಕ ಹಾಕುವ ಒಂದು ಫೌಂಡ್ರಿಯಲ್ಲಿ 13 ವರ್ಷದಿಂದ ಕ್ವಾಲಿಟಿ ಇನ್‌ಸ್ಪೆಕ್ಟರ್. ಮೆಕ್ಯಾನಿಕಲ್ ಡಿಪ್ಲೊಮಾ ಆಗಿದೆ, ಪಗಾರ 20,500. ನಾನು ರಿಜೆಕ್ಟ್ ಮಾಡಿದ ಪೀಸುಗಳನ್ನು ತಿಂಗಳ ಕೊನೆಗೆ ಪಾಸ್ ಮಾಡು ಅಂತಾರೆ. ಸಾಕಾಗಿ ಹೋಗಿದೆ. ಪಿಎಫ್ ತೆಗೆದು ಹಳೇ ಸಿಎನ್‌ಸಿ ಲೇಥ್ (ಕಂಪ್ಯೂಟರ್ ನಡೆಸುವ ಕಡೆಯುವ ಯಂತ್ರ) ಹಾಕೋಣ, ಜಾಬ್‌ವರ್ಕ್, ಅಂದರೆ ಬೇರೆ ಕಂಪನಿಗಳ ಬಿಡಿಭಾಗ ಮಾಡಿಕೊಡುವ ಕೆಲಸ ಮಾಡೋಣ ಅಂತ ನನ್ನ ಷಡ್ಡಕ ಬೆನ್ನು ಹತ್ತಿದ್ದಾನೆ. ಹೆಂಡತಿ ಬೇಡ ಅನ್ನುತ್ತಾಳೆ. ಇಬ್ಬರು ಮಕ್ಕಳು. ಅಪ್ಪನ ಸಕ್ಕರೆ ಕಾಯಿಲೆಗೆ ಔಷಧಿ ಇಎಸ್‌ಐನಲ್ಲೇ ಸಿಗುತ್ತಿದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದ ತುಂಬ ಬೇಸರ ಇದೆ, ಆದರೆ ತಪಾಸಣೆಯ ಕೆಲಸದ ಬಗ್ಗೆ ಒಂದು ಕೆಟ್ಟ ಮಾತಿಲ್ಲ. ಬ್ಲೋ ಹೋಲ್ (ಎರಕದೊಳಗೆ ಗಾಳಿ ಸಿಕ್ಕಿ ಆದ ತೂತು) ಇರುವ ಪೀಸಿಗೆ ಸಹಿ ಹಾಕಲು ಕೈ ಬಾರದವರು ಆ ಕೆಲಸಕ್ಕೆ ಬೇಕಾದವರು. ಇದೇ ಕೆಲಸ, ಇದೇ ಪಗಾರ, ಆದರೆ ನೀವು ರಿಜೆಕ್ಟ್ ಅಂದದ್ದು ರಿಜೆಕ್ಟ್ ಆಗಿಯೇ ಉಳಿಯುವ ಕಂಪನಿ ಕರೆದರೆ ಹೋಗುತ್ತೀರಾ? ಹೋಗುತ್ತೇನೆ ಅನ್ನಿಸಿದರೆ ಬದಲಾಗಬೇಕಾದ್ದು ಜಾಗ. ಅಳತೆಯ ವರ್ನಿಯರ್ ಮುಟ್ಟಲೂ ಮನಸ್ಸಿಲ್ಲ ಅನ್ನಿಸಿದರೆ ಮಾತ್ರ ಬೇರೆ ಕಸುಬಿನ ಯೋಚನೆ ಮಾಡಿ.

ಕೆಲಸ ಬಿಡುವತನಕವೂ ಒಂದು ಎಚ್ಚರ ಇರಲಿ. ಪಾಸ್ ಮಾಡು ಅಂದಾಗ ಬಾಯಿಮಾತಿಗೆ ಒಪ್ಪಬೇಡಿ. ಡೀವಿಯೇಷನ್ ನೋಟ್ (ನಿಯಮ ಮೀರಿ ಪಾಸ್ ಮಾಡಿದ್ದರ ಟಿಪ್ಪಣಿ) ಬರೆದು, ದೋಷ ಏನು, ಎಷ್ಟು ಪೀಸು, ಯಾವ ಹೀಟ್ ನಂಬರ್ (ಒಂದು ಸಲ ಕರಗಿಸಿದ ಲೋಹದ ಗುರುತಿನ ಸಂಖ್ಯೆ) ಅಂತ ನಮೂದಿಸಿ, ಹೇಳಿದವರ ಸಹಿಯನ್ನೇ ತೆಗೆದುಕೊಳ್ಳಿ. ಗಿರಾಕಿಯಿಂದ ದೂರು ಬಂದ ದಿನ ಮೊದಲು ಹುಡುಕುವುದು ಇನ್‌ಸ್ಪೆಕ್ಟರ್ ಸಹಿಯನ್ನು.

ನಿಮ್ಮ ಅನುಭವಕ್ಕೆ ಹತ್ತಿರದ ದಾರಿ ಎರಡಿವೆ. ಒಂದು ಸಿಎಂಎಂ ಯಂತ್ರದಲ್ಲಿ, ಅಂದರೆ ಪೀಸಿನ ಆಕಾರವನ್ನು ಕಂಪ್ಯೂಟರಿನಿಂದ ಸೂಕ್ಷ್ಮವಾಗಿ ಅಳೆಯುವ ಯಂತ್ರದಲ್ಲಿ ಅಳತೆ. ಅದಕ್ಕೆ ಮೊದಲು ಡ್ರಾಯಿಂಗ್‌ನ ಜಿಡಿ ಆ್ಯಂಡ್ ಟಿ ಚಿಹ್ನೆಗಳು (ಆಕಾರ, ಸ್ಥಾನದಲ್ಲಿ ಎಷ್ಟು ವ್ಯತ್ಯಾಸ ನಡೆಯುತ್ತದೆ ಅಂತ ಹೇಳುವ ಗುರುತುಗಳು) ಕರಗತ ಆಗಬೇಕು. ಪೊಸಿಷನ್, ಪ್ರೊಫೈಲ್, ಡೇಟಮ್ ತಿಳಿಯದೆ ಸಾಫ್ಟ್‌ವೇರ್ ಮಾತ್ರ ಕಲಿತವರು ಸಂದರ್ಶನದಲ್ಲಿ ಅಲ್ಲೇ ಸಿಕ್ಕಿಬೀಳುತ್ತಾರೆ. ಬೆಳಗಾವಿಯ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಜಿಟಿಟಿಸಿಯಲ್ಲಿ ಈಗ ಯಾವ ಅಲ್ಪಾವಧಿ ಕೋರ್ಸ್ ನಡೆದಿದೆ ಅಂತ ಖುದ್ದಾಗಿ ಹೋಗಿ ಕೇಳಿ. ಎರಡನೆಯದು ಎನ್‌ಡಿಟಿ, ಅಂದರೆ ಪೀಸನ್ನು ಒಡೆಯದೆ ಕೆಡಿಸದೆ ದೋಷ ಹುಡುಕುವ ಪರೀಕ್ಷೆ. ಎರಕದ ದೋಷಗಳನ್ನು ಬಲ್ಲ ಕಣ್ಣಿಗೆ ಬಣ್ಣದ ದ್ರವದಿಂದ ಬಿರುಕು ತೋರಿಸುವ ಪೆನೆಟ್ರಂಟ್, ಅಯಸ್ಕಾಂತದಿಂದ ತೋರಿಸುವ ಮ್ಯಾಗ್ನೆಟಿಕ್ ಪಾರ್ಟಿಕಲ್ ಪರೀಕ್ಷೆ ಬೇಗ ಒಗ್ಗುತ್ತದೆ. ಇಲ್ಲಿ ಮೋಸ ಹೋಗುವ ಜಾಗವೂ ಇದೆ. ಎನ್‌ಡಿಟಿ ಮಾಡುವವರ ಅರ್ಹತೆಗೆ ಇರುವ ಎಸ್‌ಎನ್‌ಟಿ-ಟಿಸಿ-1ಎ ಪದ್ಧತಿಯಲ್ಲಿ ಲೆವೆಲ್ 2 (ಸ್ವತಂತ್ರವಾಗಿ ಪರೀಕ್ಷೆ ಮಾಡಿ ಫಲಿತಾಂಶ ಹೇಳುವ ಹಂತ) ಅರ್ಹತೆಯ ಹೊಣೆ ಕೆಲಸ ಕೊಟ್ಟ ಕಂಪನಿಯದು. ತರಬೇತಿ ಗಂಟೆ, ಕೆಲಸದ ಅನುಭವ, ಕಣ್ಣಿನ ಪರೀಕ್ಷೆ ಎಲ್ಲವೂ ಸೇರಬೇಕು. ಒಂದು ವಾರದ ಕೋರ್ಸಿನ ಕಾಗದವನ್ನೇ ಲೈಸೆನ್ಸ್ ಅಂತ ಮಾರುವವರಿಗೆ ದುಡ್ಡು ಕಟ್ಟಬೇಡಿ. ಹತ್ತರಗಿಯ ವಿಮಾನ ಬಿಡಿಭಾಗಗಳ ಘಟಕಗಳಿಗೂ ಅರ್ಜಿ ಹಾಕಿ. ಅಲ್ಲಿ ವಿಮಾನ ಉದ್ಯಮದ ಗುಣಮಟ್ಟದ ಪದ್ಧತಿ ಎಎಸ್ 9100 ನಡೆಯುವುದರಿಂದ ದಾಖಲೆ ಇಡುವ ಶಿಸ್ತಿಗೆ ಬೆಲೆ ಇದೆ. ಶಿಫ್ಟ್ ಮತ್ತು ದಿನದ ಓಡಾಟ ಮನೆಯವರಿಗೆ ಒಪ್ಪಿಗೆಯಾ ಅಂತ ಮೊದಲೇ ಮಾತಾಡಿ.

ಅರ್ಜಿಯಲ್ಲಿ “13 ವರ್ಷ ಅನುಭವ” ಅಂತ ಬರೆದು ಬಿಡಬೇಡಿ. ಯಾವ ತೂಕದ ಎರಕ, ಯಾವ ಗೇಜ್, ಪಿಪಿಎಪಿ ಕಡತ (ಹೊಸ ಬಿಡಿಭಾಗಕ್ಕೆ ಗಿರಾಕಿಯ ಒಪ್ಪಿಗೆ ಪಡೆಯುವ ದಾಖಲೆ) ನೀವೇ ಮಾಡಿದ್ದೀರಾ, ಯಾವ ದೋಷದ ಮೂಲ ಹುಡುಕಿ ಎಷ್ಟು ರಿಜೆಕ್ಷನ್ ಇಳಿಸಿದಿರಿ, ಇದನ್ನು ಬರೆಯಿರಿ. ಹಳೇ ಕಂಪನಿಯ ಡ್ರಾಯಿಂಗ್ ಒಂದನ್ನೂ ಹೊರಗೆ ಒಯ್ಯಬೇಡಿ.

ಇನ್ನು ಲೆಕ್ಕದ ಮಾತು. ಇಎಸ್‌ಐ ಮಿತಿ ತಿಂಗಳಿಗೆ 21,000 ರೂಪಾಯಿ. ಹೊಸ ಕಂಪನಿ 24,000 ಕೊಟ್ಟರೆ ಪಗಾರ ಏರುತ್ತದೆ, ಅಪ್ಪನ ಔಷಧಿ ಮಾತ್ರ ನಿಮ್ಮ ಜೇಬಿಗೆ ಬರುತ್ತದೆ. ಹೊಸದಾಗಿ ಆರೋಗ್ಯ ವಿಮೆ ಮಾಡಿಸಿದರೆ ಮೊದಲೇ ಇದ್ದ ಕಾಯಿಲೆಗೆ 3 ವರ್ಷದವರೆಗೂ ಕಾಯಿಸಬಹುದು. ಅದಕ್ಕೆ ಕಂಪನಿಯ ಗುಂಪು ವಿಮೆಯಲ್ಲಿ ತಂದೆ-ತಾಯಿ ಸೇರುತ್ತಾರಾ ಅಂತ ಆಫರ್ ಪತ್ರ ಬರುವ ಮೊದಲೇ ಕೇಳಿ. ಗ್ರಾಚ್ಯುಟಿ ಬಿಟ್ಟುಬರಬೇಡಿ: ಬೇಸಿಕ್ ಮತ್ತು ಡಿಎ ಸೇರಿ 13,000 ಇದ್ದರೆ ಅದನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, 13 ವರ್ಷದಿಂದ ಗುಣಿಸಿದರೆ 97,500 ಆಗುತ್ತದೆ. ಪಿಎಫ್ ತೆಗೆಯದೆ ಅದೇ ಯುಎಎನ್‌ನಲ್ಲಿ (ಕಂಪನಿ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ಹೊಸ ಕಂಪನಿಯ ಖಾತೆಗೆ ವರ್ಗಾಯಿಸಿ. ಆಧಾರ್‌ನಲ್ಲಿರುವ ಹೆಸರು, ಹುಟ್ಟಿದ ದಿನ ತಾಳೆ ಆಗದಿದ್ದರೆ, ಅಥವಾ ಹಳೇ ಕಂಪನಿ ಬಿಟ್ಟ ದಿನಾಂಕ ಹಾಕದಿದ್ದರೆ ಅದು ಅಲ್ಲೇ ನಿಲ್ಲುತ್ತದೆ. ಹೆಸರು, ಹುಟ್ಟಿದ ದಿನವನ್ನು ನೌಕರಿಯಲ್ಲಿ ಇರುವಾಗಲೇ ಸರಿಮಾಡಿಕೊಳ್ಳಿ, ಬಿಟ್ಟ ದಿನಾಂಕವನ್ನು ಬಿಟ್ಟ ಮೇಲೆ ಹಾಕಿಸಿಕೊಳ್ಳಿ. ಆಫರ್ ಕೈಗೆ ಬಂದು, ಮನೆಖರ್ಚಿಗೆ ಆರು ತಿಂಗಳ ದುಡ್ಡು ಬ್ಯಾಂಕಿನಲ್ಲಿ ಇದ್ದಾಗ ರಾಜೀನಾಮೆ ಬರೆಯಿರಿ.

ಲೇಥ್ ವಿಚಾರದಲ್ಲಿ ನಿಮ್ಮ ಮನೆಯವರ ಮಾತೇ ಸರಿ. ಶೆಡ್ ಬಾಡಿಗೆ, ಆಪರೇಟರ್ ಪಗಾರ, ಸಾಲದ ಕಂತು ಸೇರಿ ತಿಂಗಳಿಗೆ 60,000 ಅಂತ ಇಟ್ಟುಕೊಳ್ಳಿ. ಯಂತ್ರ 300 ಗಂಟೆ ಓಡಿದರೆ ತಾಸಿಗೆ 200 ರೂಪಾಯಿ ಬೀಳುತ್ತದೆ. ಆರ್ಡರ್ ಇಲ್ಲದೆ 150 ಗಂಟೆ ಓಡಿದರೆ 400. ಕರೆಂಟು, ಇನ್ಸರ್ಟ್ (ಲೋಹ ಕತ್ತರಿಸುವ, ಸವೆದಂತೆ ಬದಲಿಸುವ ತುದಿ) ಬೇರೆ. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಕೊಡಬೇಕೆಂಬ ಕಾನೂನು ಇದ್ದರೂ ಬಿಲ್ಲಿನ ದುಡ್ಡು ತಡವಾಗಿಯೇ ಬರುತ್ತದೆ. ಆದರೆ ಆಪರೇಟರ್ ಪಗಾರ ಒಂದು ದಿನವೂ ಕಾಯುವುದಿಲ್ಲ. ಹಳೇ ಯಂತ್ರದಲ್ಲಿ ಟೂಲನ್ನು ಸರಿಸುವ ಬಾಲ್ ಸ್ಕ್ರೂ ಸವೆದಿದ್ದರೆ, ಯಂತ್ರ ನಡೆಸುವ ಕಂಟ್ರೋಲರ್‌ಗೆ ಬಿಡಿಭಾಗ ಸಿಗದಿದ್ದರೆ ಪಿಎಫ್ ಪೂರ್ತಿ ರಿಪೇರಿಗೇ ಹೋಗುತ್ತದೆ.

ಷಡ್ಡಕರಿಗೆ ಮುಖ ಮುರಿಯುವಂತೆ ಇಲ್ಲ ಅನ್ನಬೇಡಿ. ಆರು ತಿಂಗಳು ಸತತ ಕೆಲಸ ಕೊಡುತ್ತೇವೆ ಅಂತ ಇಬ್ಬರು ಗಿರಾಕಿಗಳಿಂದ ಬರಹದಲ್ಲಿ ತರಲು ಹೇಳಿ. ತಂದರೆ ಆ ಲೇಥಿನ ತಿರುಗುವ ಸ್ಪಿಂಡಲ್‌ಗೆ ಡಯಲ್ ಗೇಜ್ ಹಚ್ಚಿ, ಟೆಸ್ಟ್ ಪೀಸ್ ತೆಗೆಸಿ, ನೀವೇ ಅಳೆದು ನೋಡಿ. ಬಂಡವಾಳಕ್ಕೆ ಪಿಎಂಇಜಿಪಿ (ಹೊಸ ಸಣ್ಣ ಉದ್ಯಮಕ್ಕೆ ಕೇಂದ್ರ ಸರ್ಕಾರದ ಸಬ್ಸಿಡಿ ಯೋಜನೆ) ಸಾಲ ಕೇಳಬಹುದು. ಅದರಲ್ಲಿ ಸಾಮಾನ್ಯ ವರ್ಗದವರ ಸ್ವಂತ ಪಾಲು ಶೇ 10. ಅರ್ಜಿ ಷಡ್ಡಕರ ಹೆಸರಿನಲ್ಲಿ ಇರಲಿ, ನೀವು ನೌಕರಿಯಲ್ಲೇ ಇರಿ.